ಹಂಪಮ್ಮನ ಮನೆಯ ಗೋಡೆಯ ತಪ್ಪು

ಬರೆದ ದಿನ: ೨೧೮೭ನೇ ಇಸವಿ, ಫಾಲ್ಗುಣ ಬಹುಳ ಪಂಚಮಿ. ಸ್ಥಳ: ಕೆಂಗುಂಟಿ, ಭೀಮಾ ನದಿಯ ಎಡದಂಡೆ.
ಓದುವ ದಿನ: ೨೨೪೭ರ ಸುಮಾರಿಗೆ, ಈ ಗೋಡೆ ಒಡೆಯುವ ದಿನ.

ಗೋಡೆ ಒಡೆಯುತ್ತಿರುವವರಿಗೆ,

ಈ ಕಾಗದ ನಿಮ್ಮ ಕೈಗೆ ಸಿಗುವ ಹೊತ್ತಿಗೆ ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು. ಮೊದಲೇ ಕ್ಷಮೆ ಕೇಳುತ್ತೇನೆ. ಅರವತ್ತು ವರ್ಷದಲ್ಲಿ ಒಂದು ಭಾಷೆ ಎಷ್ಟು ದೂರ ಸರಿದಿರುತ್ತದೆ ಎಂದು ನನಗೆ ಅಂದಾಜಿಲ್ಲ. ಅದಿರಲಿ, ನನ್ನ ಕನ್ನಡವೇ ಅಷ್ಟು ಗಟ್ಟಿಯಾದದ್ದಲ್ಲ. ನಾನು ಒಂದನೇ ತರಗತಿಯಿಂದ ಓದಿದ್ದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡಿದರೂ ಎಣಿಸುವುದು, ಯೋಚಿಸುವುದು, ವರದಿ ಬರೆಯುವುದು ಎಲ್ಲ ಆ ಭಾಷೆಯಲ್ಲೇ ನಡೆದುಕೊಂಡು ಬಂದಿದೆ. ಈ ಕಾಗದವನ್ನೂ ಮೊದಲು ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ಎರಡು ಪುಟ ಆದಮೇಲೆ ಓದಿ ನೋಡಿದೆ. ನಾನು ಹೇಳಹೊರಟಿದ್ದ ತಪ್ಪು ಪ್ರತಿ ವಾಕ್ಯದಲ್ಲೂ ತಾನಾಗಿಯೇ ನಡೆದುಹೋಗಿತ್ತು. ಮಾಡಿದವರು ಯಾರೂ ಇರಲಿಲ್ಲ. ಅದನ್ನು ಹರಿದು ಹಾಕಿ, ತಡವರಿಸಿದರೂ ಪರವಾಗಿಲ್ಲ ಎಂದು ಕನ್ನಡಕ್ಕೆ ಬಂದೆ.

ನಿಮ್ಮ ಕಾಲಕ್ಕೆ ಗೋಡೆಗಾಗದದ ಪದ್ಧತಿ ಉಳಿದಿದೆಯೋ ಇಲ್ಲವೋ ತಿಳಿಯದು. ನಮ್ಮ ಭಾಗದಲ್ಲಿ ಮಣ್ಣಿನ ಗೋಡೆಯನ್ನು ಅರವತ್ತು ವರ್ಷಕ್ಕೊಮ್ಮೆ ಒಡೆದು ಕಟ್ಟುತ್ತಾರೆ. ಕಟ್ಟಿ ಮುಗಿಸುವ ದಿನ ಎದೆಯೆತ್ತರದಲ್ಲಿ ಒಂದು ಸಣ್ಣ ಸಂದು ಬಿಟ್ಟು, ಅದರಲ್ಲಿ ಒಂದು ಕಾಗದ ಇಟ್ಟು, ಸುಣ್ಣದ ಗಚ್ಚಿನಿಂದ ಮುಚ್ಚುತ್ತಾರೆ. ಮಣ್ಣು ಯಾವ ಹೊಲದ್ದು, ಹೊಟ್ಟು ಎಷ್ಟು ಬೆರೆಸಿದ್ದು, ಸುಣ್ಣ ಎಷ್ಟು ದಿನ ನೆನೆದದ್ದು ಎಲ್ಲ ಅದರಲ್ಲಿರುತ್ತದೆ. ಕೊನೆಗೆ 'ಈ ಗೋಡೆಯ ತಪ್ಪು' ಎಂದು ಬರೆದು, ಕಟ್ಟುವಾಗ ಏನು ಕೆಟ್ಟಿತು ಎಂಬುದನ್ನು ಹೇಳಲೇಬೇಕು. ಬಡಗಣ ಮೂಲೆ ಅರ್ಧ ಬೆರಳು ಹೊರಗೆ ವಾಲಿದೆ, ಮಳೆ ಬಂದು ಮೂರನೇ ವರಸೆ ಸರಿಯಾಗಿ ಒಣಗಲಿಲ್ಲ, ಜನ ಬರೆಯುವುದು ಇಂಥವು. ಮುಚ್ಚುವ ಮೊದಲು ಕಾಗದವನ್ನು ಅಲ್ಲಿ ನಿಂತವರೆಲ್ಲರ ಎದುರು ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಕೆಳಗೆ ಏನಾದರೂ ಸೇರಿಸಬಹುದು, ಮೇಲಿನದನ್ನು ತಿದ್ದುವಂತಿಲ್ಲ.

ನನ್ನ ಹೆಸರು ವಿನೋದಿನಿ ಪತ್ತಾರ. ವಯಸ್ಸು ನಲವತ್ತಾರು. ಹನ್ನೊಂದು ವರ್ಷದಿಂದ ಈ ಹೋಬಳಿಯ ಗೋಡೆ ಕಚೇರಿಯ ಮೇಲ್ವಿಚಾರಕಿ. ಮನೆಮನೆಗೆ ಹೋಗಿ ಗೋಡೆ ಬಿರಿದಿದೆಯೇ, ಅದರಲ್ಲಿ ಏನು ವಾಸವಾಗಿದೆ ಎಂದು ನೋಡುವುದು ನನ್ನ ಕೆಲಸ. ಈ ಮನೆ ಹಂಪಮ್ಮನದು. ಆಕೆ ತೀರಿಹೋಗಿ ಒಂದು ತಿಂಗಳಾಯಿತು. ಮಗ ಭೀಮರಾಯ ಬೇಸಿಗೆಗೆ ಮುಂಚೆ ಗೋಡೆ ಕಟ್ಟಿ ಮುಗಿಸಬೇಕೆಂದು ಅವಸರದಲ್ಲಿದ್ದಾನೆ. ನಿನ್ನೆ ನನ್ನಲ್ಲಿಗೆ ಬಂದು, "ಅಕ್ಕೋರೆ, ಓದಿದೋರು ನೀವು. ನಮ್ಮವ್ವನ ಮನಿ ಕಾಗದ ನೀವೇ ಬರೀರಿ. ನಾ ಬರದ್ರ, ಮುಂದಿನೋರು ಹಾಳಿ ಮ್ಯಾಲ ಇರುವಿ ಹರದಾವಂತ ತಿಳಕೋತಾರ" ಎಂದು ನಕ್ಕ. ನಾನೂ ನಕ್ಕೆ. ಆಗಲಿ ಎಂದೆ. ಅವನು ಅತ್ತ ಹೋದಮೇಲೆ, ಹೇಗಾದರೂ ಮಾಡಿ ತಪ್ಪಿಸಿಕೊಳ್ಳಬಹುದಿತ್ತಲ್ಲ ಎಂದು ಬಹಳ ಹೊತ್ತು ಯೋಚಿಸಿದೆ.

ನಮ್ಮ ಮನೆಗಳ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗದು. ನನ್ನ ಮುತ್ತಜ್ಜಿಯ ಕಾಲದಲ್ಲಿ ಈ ಊರೆಲ್ಲ ಸಿಮೆಂಟಿನದಾಗಿತ್ತಂತೆ. ಬೇಸಿಗೆ ಐವತ್ತು ಡಿಗ್ರಿ ದಾಟತೊಡಗಿದ ಮೇಲೆ ಆ ಮನೆಗಳು ಕುಲುಮೆಯಂತಾದವು. ಜನ ಅವನ್ನು ಒಂದೊಂದಾಗಿ ಬಿಟ್ಟು ಮತ್ತೆ ಮಣ್ಣಿಗೆ ಬಂದರು. ಈಗ ಪ್ರತಿ ಮನೆಯ ನಡುವೆ ಕಿಟಕಿಯಿಲ್ಲದ ಒಂದು ತಂಪುಕೋಣೆ ಇರುತ್ತದೆ. ಅದರ ಗೋಡೆ ಎರಡು ಮೊಳ ದಪ್ಪ. ಗೋಡೆಯೊಳಗೆ ಬೆರಳು ಗಾತ್ರದ ಮಣ್ಣಿನ ಕೊಳವೆಗಳು. ಮಾಳಿಗೆಯ ಮೇಲಿನ ದೊಡ್ಡ ಮಣ್ಣಿನ ಹರವಿಯಿಂದ ನೀರು ಹನಿಹನಿಯಾಗಿ ಇಳಿದು ಗೋಡೆಯನ್ನು ಸದಾ ಹಸಿಯಾಗಿಡುತ್ತದೆ. ಇದಕ್ಕೆ ನೀರುಗೋಡೆ ಎನ್ನುತ್ತೇವೆ. ಬೆಳಗಿನ ಒಂಬತ್ತಕ್ಕೆಲ್ಲ ಹೊಲದ ಕೆಲಸ ಮುಗಿಸಿ, ಮನೆಮಂದಿಯೆಲ್ಲ ಆ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರೆ. ಯಾರ ಕಾಲು ಯಾರ ಮೇಲೆ ಬಿತ್ತು ಎಂಬ ಜಗಳ, ಮುದುಕಿಯರ ಗೊರಕೆಗೆ ಮಕ್ಕಳ ನಗೆ, ಅರ್ಧ ನಿದ್ದೆಯಲ್ಲಿ ಕೇಳುವ ಒಗಟು. ಮತ್ತೆ ಹೊರಗೆ ಬರುವುದು ಸಂಜೆ ಐದರ ಮೇಲೆ. ನಮ್ಮ ಹಗಲೆಲ್ಲ ಕತ್ತಲಲ್ಲೇ ಕಳೆಯುತ್ತದೆ. ತಂಪುಕೋಣೆಯ ಮುಂದೆ ಎರಡು ಮೆಟ್ಟಿಲು ಇಳಿದರೆ ದನದ ಪಡಸಾಲೆ. ಎಂಬತ್ತು ವರ್ಷದಿಂದ ಎಮ್ಮೆಗಳನ್ನು ಕಟ್ಟುತ್ತಾ ಬಂದದ್ದು ಅಲ್ಲೇ.

ಆ ಹಸಿ ಗೋಡೆ ತಂಪೆನಿಸುತ್ತಿದ್ದದ್ದು ನಮಗೆ ಮಾತ್ರವೇ ಅಲ್ಲ. ಪುಸ್ತಕಗಳಲ್ಲಿ ಅದರ ಹೆಸರು ಮರಳು ನೊಣ. ಬಣ್ಣ ಬಿಟ್ಟರೆ ಮರಳಿಗೂ ಅದಕ್ಕೂ ಸಂಬಂಧ ಕಡಿಮೆ. ಇಲ್ಲಿಯ ಹೆಂಗಸರು ಮೂಕಿ ಎನ್ನುತ್ತಾರೆ, ಸೊಳ್ಳೆಯಂತೆ ಕಿವಿಯ ಹತ್ತಿರ ಗುಂಯ್‌ಗುಡುವುದಿಲ್ಲ ಎಂದು. ಎಳ್ಳಿನ ಕಾಳಿಗಿಂತ ಸಣ್ಣದು. ಮೈಯೆಲ್ಲ ರೋಮ. ಕೂತಾಗ ರೆಕ್ಕೆಗಳನ್ನು ಮಡಚದೆ, ಈಗಲೋ ಆಗಲೋ ಎದ್ದುಹೋಗುವವರಂತೆ ಮೇಲಕ್ಕೆತ್ತಿಕೊಂಡೇ ಇರುತ್ತದೆ. ಸೊಳ್ಳೆಪರದೆಯ ಕಣ್ಣಿನಲ್ಲಿ ಸಲೀಸಾಗಿ ತೂರುತ್ತದೆ. ಹಗಲು ಗೋಡೆಯ ಬಿರುಕಿನಲ್ಲಿ, ಕತ್ತಲು ಮತ್ತು ತೇವ ಇರುವ ಕಡೆ ಅಡಗಿರುತ್ತದೆ. ಸಗಣಿ, ಗಂಜಲ, ಕೊಳೆತ ಹೊಟ್ಟು ಬೆರೆತ ಹಸಿ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಹುಳು ಅದನ್ನೇ ತಿಂದು ಬೆಳೆದು, ಒಂದೂವರೆ ತಿಂಗಳ ಸುಮಾರಿಗೆ ರೆಕ್ಕೆ ಮೂಡಿ ಹೊರಬರುತ್ತದೆ. ದೂರ ಹಾರಲಾರದು. ಗಾಳಿ ಬೀಸಿದರೆ ಹಾರುವುದೇ ಇಲ್ಲ, ಗೋಡೆಯ ಮೇಲೆ ಕುಪ್ಪಳಿಸುತ್ತಾ ಹೋಗುತ್ತದೆ. ರಕ್ತ ಬೇಕಾದದ್ದು ಹೆಣ್ಣಿಗೆ ಮಾತ್ರ, ಮೊಟ್ಟೆಗಾಗಿ. ಎಮ್ಮೆ ಹತ್ತಿರವಿದ್ದರೆ ಅದಕ್ಕೆ ಎಮ್ಮೆಯೇ ಇಷ್ಟ. ಎಮ್ಮೆಯ ಮೈಯಲ್ಲಿ ಕರಿಜ್ವರ ಬೆಳೆಯುವುದಿಲ್ಲ. ಆ ಜ್ವರದ ಜೀವಿ ಮನುಷ್ಯನಿಂದ ಮೂಕಿಗೆ, ಮೂಕಿಯಿಂದ ಮನುಷ್ಯನಿಗೆ ದಾಟುತ್ತದೆ. ವಾರಗಟ್ಟಲೆ ಜ್ವರ, ಒಳಗೆ ಗುಲ್ಮ ಊದಿಕೊಂಡು ಹೊಟ್ಟೆ ಗಟ್ಟಿಯಾಗುವುದು, ಕೈಕಾಲು ಕಡ್ಡಿಯಾಗುವುದು, ಮೈ ಕಪ್ಪಾಗುವುದು, ಔಷಧ ಸಿಗದಿದ್ದರೆ ಸಾವು. ಇದಷ್ಟೂ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ.

ಕಳೆದ ಜ್ಯೇಷ್ಠದಲ್ಲಿ ನಾನು ಊರಿನ ಎಮ್ಮೆಗಳನ್ನೆಲ್ಲ ಮನೆಯಿಂದ ಹೊರಗೆ ಹಾಕಿಸಿದೆ. ಕಾಲುವೆಯ ಆಚೆ, ಊರಿಂದ ಒಂದು ಮೈಲಿ ದೂರ, ಎಲ್ಲರದೂ ಸೇರಿ ಒಂದು ಊರದೊಡ್ಡಿ ಮಾಡಿಸಿದೆ. ಸಗಣಿಯಲ್ಲಿ ಮೂಕಿ ಹುಟ್ಟುತ್ತದೆ, ಆದ್ದರಿಂದ ದನ ದೂರವಾದರೆ ಮೂಕಿಯೂ ದೂರ. ನನ್ನ ಲೆಕ್ಕ ಇಷ್ಟು ನೇರವಾಗಿತ್ತು. ಕ್ರಮವಾಗಿ ಮಾಡುವುದಿದ್ದರೆ ಮೊದಲು ಪಡಸಾಲೆಯ ಎಂಬತ್ತು ವರ್ಷದ ಮಣ್ಣನ್ನು ಮೊಳದಾಳ ಅಗೆದು ಹೊರಗೆ ಹಾಕಬೇಕು, ಗೋಡೆಯ ಬಿರುಕುಗಳಿಗೆ ಸುಣ್ಣದ ಗಿಲಾವು ಮಾಡಬೇಕು, ಆಮೇಲೆ ದನ ಸರಿಸಬೇಕು. ಅದಕ್ಕೆ ಒಂದು ವರ್ಷ ಹಿಡಿಯುತ್ತಿತ್ತು. ಮೂಕಿ ತೊಲಗಿಸುವುದು ಎಲ್ಲ ಹೋಬಳಿಗಳಿಗೂ ವಹಿಸಿದ ಕೆಲಸ. ಮಳೆಗಾಲದೊಳಗೆ 'ಕೆಲಸ ಪೂರ್ಣ' ಎಂದು ಬರೆದು ಕಳಿಸುವ ಮೊದಲ ಹೋಬಳಿ ನನ್ನದಾಗಬೇಕಿತ್ತು. ಈ ಅವಸರವನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ನನಗೇ ಬೇಕಿತ್ತು.

ದೊಡ್ಡಿ ನೋಡಿಕೊಳ್ಳುವ ಕೆಲಸಕ್ಕೆ ಉಪ್ಪಿನವರನ್ನು ಇಟ್ಟವಳೂ ನಾನೇ. ಸಮುದ್ರ ಮೇಲೆ ಬಂದು ಊರು ಕಳೆದುಕೊಂಡ ಕರಾವಳಿಯ ಜನರಿಗೆ ಇಲ್ಲಿಯವರು ಇಟ್ಟ ಹೆಸರು ಅದು. ಅವರು ತಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ. ನಲವತ್ತೆರಡು ಮನೆಗಳವರು ಹಿಂದಿನ ವರ್ಷವಷ್ಟೇ ಬಂದು ಕಾಲುವೆಯ ದಂಡೆಯಲ್ಲಿ ಜೊಂಡಿನ ತಡಿಕೆಯ ಗುಡಿಸಲು ಹಾಕಿಕೊಂಡಿದ್ದರು. ಮೀನು ಹಿಡಿದು ಗೊತ್ತಿದ್ದವರಿಗೆ ಎಮ್ಮೆ ಕಾಯುವುದು ಕಲಿಸಿದೆವು. ದೊಡ್ಡಿಯ ಪಕ್ಕದಲ್ಲೇ ಅವರಿಗೊಂದು ತಂಪುಸಾಲೆಯನ್ನೂ ಕಟ್ಟಿಕೊಟ್ಟೆವು.

ಎಮ್ಮೆ ಹೊರಡಿಸುವ ದಿನ ಹಂಪಮ್ಮ ಈ ಮನೆಯ ಬಾಗಿಲಲ್ಲಿ ಅಡ್ಡ ನಿಂತಳು. ಎಪ್ಪತ್ತು ದಾಟಿದ, ಮಾತು ಸ್ವಲ್ಪ ಹರಿತವಾದ ಹೆಂಗಸು. "ಎಮ್ಮಿ ಹೊಡಕೊಂಡು ಹ್ವಾದ್ರ ಈ ಮೂಕಿ ಏನ್ ಉಪಾಸ ಕುಂದ್ರತಾವೇನ್ರಿ ಅಕ್ಕೋರೆ? ಇಷ್ಟು ದಿನ ಎಮ್ಮಿ ಉಣಸ್ತಿತ್ತು. ಇನ್ನ ನಾವು ಉಣಸಬೇಕು" ಎಂದಳು. ಸುತ್ತ ನಿಂತವರು ನಕ್ಕರು. "ನಿನ್ನ ಮೈಯಾಗ ಏನೈತಬೇ ಮುದುಕಿ, ಮೂಕಿ ಸುದ್ದ ವಾಪಸ್ ಹೋಗ್ತಾವ" ಎಂದು ಸಾಬಣ್ಣ ರೇಗಿಸಿದ. ಅವನು ಪಕ್ಕದ ಮನೆಯವನು, ಊರಿನ ಸಭೆಯಲ್ಲಿ ಮೊದಲು ದನಿ ಎತ್ತುವವನು. "ನಿನ್ನ ಮೈಯಾಗ ಭಾಳ ಅದಲ್ಲ, ಮೊದಲು ನಿನ್ನ ಮನಿಗೇ ಬರತಾವ ಬಿಡು" ಎಂದಳು ಹಂಪಮ್ಮ. ನಾನೂ ನಕ್ಕೆ. ನಕ್ಕು ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡು ಇಂಗ್ಲಿಷ್ ಪದ ಬರೆದುಕೊಂಡೆ. ಕನ್ನಡದಲ್ಲಿ ಹೇಳುವುದಾದರೆ 'ಭಾವುಕ ತಕರಾರು'. ಮೂಕಿಯ ವಿಷಯದಲ್ಲಿ ಆ ದಿನ ಅಲ್ಲಿ ಆಡಿದ ಒಂದೇ ಸರಿಯಾದ ಮಾತನ್ನು ನಾನು ಹಾಗೆ ದಾಖಲೆ ಮಾಡಿದೆ. ಅವಳು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದರೆ ನಾನು ನಿಂತು ಕೇಳುತ್ತಿದ್ದೆನೇ? ಕೇಳುತ್ತಿದ್ದೆ ಎಂದೇ ಅನಿಸುತ್ತದೆ.

ಮೂಕಿ ಎಣಿಸುವ ಕ್ರಮ ನಿಮಗೂ ಬೇಕಾಗಬಹುದು. ಅಂಗೈ ಅಗಲದ ಕಾಗದಕ್ಕೆ ಔಡಲೆಣ್ಣೆ ಸವರಿ, ಗೋಡೆಯ ಬಿರುಕಿನ ಬಾಯಲ್ಲಿ ಸಿಕ್ಕಿಸಿ ಬರುತ್ತೇವೆ. ಮರುದಿನ ತೆಗೆದು ಭೂತಗನ್ನಡಿಯ ಕೆಳಗೆ ಹಿಡಿದು, ಅಂಟಿಕೊಂಡವನ್ನು ಎಣಿಸುತ್ತೇವೆ. ರಕ್ತ ಕುಡಿದಿದ್ದರೆ ಅದರ ಹೊಟ್ಟೆ ಒತ್ತಿ, ಒಂದು ಪಟ್ಟಿಗೆ ತಾಗಿಸಿ, ಯಾರ ರಕ್ತ ಎಂದು ನೋಡುತ್ತೇವೆ. ಮೊದಲಿನಿಂದ ಎಣ್ಣೆಹಾಳೆ ಸಿಕ್ಕಿಸುತ್ತಿದ್ದದ್ದು ದನದ ಪಡಸಾಲೆಯಲ್ಲಿ. ಎಮ್ಮೆ ಇದ್ದಾಗ ಅಲ್ಲಿ ಹಾಳೆಗೆ ಅರವತ್ತೆರಡು ಮೂಕಿ ಸಿಗುತ್ತಿದ್ದವು. ಹತ್ತರಲ್ಲಿ ಒಂಬತ್ತರ ಹೊಟ್ಟೆಯಲ್ಲಿ ಎಮ್ಮೆಯ ರಕ್ತ. ಶ್ರಾವಣದಲ್ಲಿ ಅದೇ ಪಡಸಾಲೆಯಲ್ಲಿ ಹನ್ನೊಂದಕ್ಕೆ ಇಳಿಯಿತು. ನಾನು ಸಂಭ್ರಮದಿಂದ ವರದಿ ಕಳಿಸಿದೆ. ಮೇಲಿನಿಂದ ಪ್ರಶಂಸೆಯ ಪತ್ರ ಬಂತು. ಅದನ್ನು ಕಚೇರಿಯ ಗೋಡೆಗೆ ತೂಗುಹಾಕಿದೆ, ಈಗಲೂ ಅಲ್ಲೇ ಇದೆ. ಎರಡು ಮೆಟ್ಟಿಲು ಹತ್ತಿ, ಜನ ಮಲಗುವ ತಂಪುಕೋಣೆಯಲ್ಲಿ ಒಂದು ಹಾಳೆ ಸಿಕ್ಕಿಸಿ ನೋಡೋಣ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದು ಬರೆದೆ. ಹೊಳೆಯುವುದು ಬೇಡವಾಗಿತ್ತೋ ಏನೋ.

ಆಶ್ವಯುಜದಲ್ಲಿ ಸಾಬಣ್ಣನ ಹೆಂಡತಿ ಲಕ್ಷ್ಮೀಬಾಯಿಗೆ ಜ್ವರ ಶುರುವಾಯಿತು. ಆಮೇಲೆ ಹಂಪಮ್ಮನ ಮೊಮ್ಮಗಳು ಈರಿಗೆ. ಹನ್ನೆರಡು ವರ್ಷದ ಹುಡುಗಿ, ಓಟದಲ್ಲಿ ಊರಿಗೇ ಮುಂದು. ಕಾರ್ತಿಕದ ಹೊತ್ತಿಗೆ ಹೊಟ್ಟೆ ಮಾತ್ರ ಕಾಣುವಂತಾದಳು. ಎರಡು ತಲೆಮಾರಿನಿಂದ ಇಲ್ಲಿ ಕಾಣದ ಕಾಯಿಲೆಯಾದ್ದರಿಂದ ಡಾಕ್ಟರು ಗುರುತಿಸುವುದು ತಡವಾಯಿತು, ಔಷಧ ದೂರದಿಂದ ಬರಲು ಐದು ವಾರ ಹಿಡಿಯಿತು. ಆಗ ನಾನು ಮೊದಲ ಬಾರಿಗೆ ತಂಪುಕೋಣೆಗಳಲ್ಲಿ ಎಣ್ಣೆಹಾಳೆ ಸಿಕ್ಕಿಸಿದೆ. ನನಗಿಂತ ಹಿಂದೆ ಈ ಕೆಲಸದಲ್ಲಿದ್ದವರು ಒಮ್ಮೆ ಅಲ್ಲಿ ಎಣಿಸಿದ್ದರು, ಹಾಳೆಗೆ ಏಳು. ನನಗೆ ಸಿಕ್ಕಿದ್ದು ಐವತ್ತನಾಲ್ಕು. ಹತ್ತರಲ್ಲಿ ಏಳರ ಹೊಟ್ಟೆಯಲ್ಲಿ ಮನುಷ್ಯರ ರಕ್ತ. ಮೂಕಿ ಊರು ಬಿಟ್ಟು ಹೋಗಿರಲಿಲ್ಲ. ಎರಡು ಮೆಟ್ಟಿಲು ಹತ್ತಿತ್ತು. ಎಮ್ಮೆ ಒಂದು ಮೈಲಿ ಆಚೆಗೆ ಹೋಗಿತ್ತು, ಅಷ್ಟು ದೂರ ಅದು ಹಾರಲಾರದು. ಪಡಸಾಲೆಯ ಹಳೆಯ ಮಣ್ಣಿನಲ್ಲಿ ಹುಟ್ಟುವುದು ಮೊದಲಿನಂತೆಯೇ ನಡೆದಿತ್ತು. ಹತ್ತಿರದಲ್ಲಿ, ಕತ್ತಲಲ್ಲಿ, ಇಡೀ ಹಗಲು ಅಲುಗಾಡದೆ ಮಲಗಿದವರು ನಾವಿದ್ದೆವು. ಅದೇ ದಿನ ಉಪ್ಪಿನವರ ಗುಡಿಸಲುಗಳಲ್ಲೂ ಹಾಳೆ ಸಿಕ್ಕಿಸಿದ್ದೆ. ಒಂದರಲ್ಲಿ ಮೂರು, ಒಂದರಲ್ಲಿ ನಾಲ್ಕು, ಹಲವುಗಳಲ್ಲಿ ಒಂದೂ ಇಲ್ಲ. ತಡಿಕೆಯಲ್ಲಿ ಗಾಳಿ ಆಡುತ್ತದೆ, ಪಕ್ಕದಲ್ಲಿ ಎಮ್ಮೆಗಳಿವೆ.

ಈ ಲೆಕ್ಕವನ್ನು ನಾನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಇನ್ನೊಮ್ಮೆ ಎಣಿಸಿ ಖಚಿತ ಮಾಡಿಕೊಳ್ಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಖಚಿತವಾಗಿಯೇ ಇತ್ತು.

ಮಾರ್ಗಶಿರದಲ್ಲಿ ಸಭೆ ಸೇರಿತು. ಅಷ್ಟರಲ್ಲಿ ಹದಿನಾಲ್ಕು ಜನ ಮಲಗಿದ್ದರು, ಲಕ್ಷ್ಮೀಬಾಯಿ ತೀರಿಹೋಗಿದ್ದಳು. ಸಾಬಣ್ಣ ಗಡ್ಡ ಬಿಟ್ಟುಕೊಂಡು ಬಂದಿದ್ದ. "ಈ ಉಪ್ಪಿನೋರು ಬರಾಕ ಮೊದಲ ಇಲ್ಲಿ ಈ ಜಡ್ಡು ಇತ್ತೇನ್? ನಮ್ಮ ಎಮ್ಮಿ ಅವರ ಬಾಗಲದಾಗ, ಅವರ ಜ್ವರ ನಮ್ಮ ಮನ್ಯಾಗ" ಎಂದ. ಅವರ ರಕ್ತ ಪರೀಕ್ಷೆ ಮಾಡಿದ್ದೇವೆ, ಒಬ್ಬರಿಗೂ ಕಾಯಿಲೆಯಿಲ್ಲ ಎಂದರು ಡಾಕ್ಟರು. ಅದೇ ಉಪ್ಪಿನವರಿಗೆ ಮುಳುವಾಯಿತು. "ಮತ್ತ! ತಮಗ ಬರಂಗಿಲ್ಲ, ನಮಗ ತಂದು ಹಚ್ಯಾರ" ಎಂದು ಹಿಂದಿನಿಂದ ಯಾರೋ ಕೂಗಿದರು. ನಿಜವಾಗಿ ಆ ಜೀವಿ ಇಲ್ಲಿಗೆ ಯಾರ ಮೈಯಲ್ಲಿ ಬಂತು ಎಂದು ನನಗೆ ಗೊತ್ತಿಲ್ಲ. ವಾಸಿಯಾದವರ ಚರ್ಮದಲ್ಲೂ ಅದು ವರ್ಷಗಟ್ಟಲೆ ಉಳಿಯುತ್ತದೆ. ನಮ್ಮಲ್ಲೇ ಯಾರಲ್ಲಾದರೂ ಇದ್ದಿರಬಹುದು. ಅದು ಯಾರಲ್ಲೇ ಇದ್ದರೂ ಹದಿನಾಲ್ಕು ಜನಕ್ಕೆ ದಾಟುವ ದಾರಿ ಮಾಡಿಕೊಟ್ಟದ್ದು ನಾನು. ಸಭೆಯ ಕೊನೆಗೆ ಹಿರಿಯರು ನನ್ನ ಕಡೆ ತಿರುಗಿ, "ಅಕ್ಕೋರು ಏನಂತೀರಿ?" ಎಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಖಾನೆಯ ಬೀಗದಕೈ ನನ್ನ ಸೊಂಟದಲ್ಲಿತ್ತು. "ಇನ್ನೂ ಪರಿಶೀಲನೆ ನಡೆದಿದೆ" ಎಂದೆ. ಇದೇ ನಾನು ಆ ಸಭೆಯಲ್ಲಿ ಆಡಿದ ಪೂರ್ತಿ ಮಾತು.

ಮರುದಿನ ಬೆಳಿಗ್ಗೆ ಜಲಜ ಮೊಗವೀರ ನನ್ನ ಮನೆಗೆ ಬಂದಳು. ಉಪ್ಪಿನವರಲ್ಲಿ ದೊಡ್ಡಿಯ ಕೆಲಸದ ಮುಂದಾಳು ಅವಳು, ನನ್ನಷ್ಟೇ ವಯಸ್ಸು. ಒಳಗೆ ಬಾ ಎಂದರೂ ಬರಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ಗಿಣ್ಣಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, "ಅಮ್ಮಾ, ನೀವ್ ಒಂದ್ ಮಾತ್ ಹೇಳ್ರೆ ಊರಿನೋರ್ ಕೇಳ್ತ್ರ್. ನಮ್ಗೆ ಹೋಪುಕೆ ಬೇರೆ ಜಾಗ ಇಲ್ಲೆ" ಎಂದಳು. ವರದಿ ಮೇಲಿನವರಿಗೆ ಹೋಗಿದೆ, ಉತ್ತರ ಬರಲಿ ಎಂದೆ. ವರದಿ ಹೋಗಿರಲಿಲ್ಲ. ಅವಳು, "ಪಾತ್ರೆ ಇರ್ಲಿ, ಆಮೇಲೆ ತಕಂಡ್ ಹೋತೆ" ಎಂದು ಹೋದಳು. ತೆಗೆದುಕೊಂಡು ಹೋಗಲು ಬರಲಿಲ್ಲ. ಪುಷ್ಯದಲ್ಲಿ ಆ ನಲವತ್ತೆರಡು ಮನೆಗಳವರನ್ನು ನದಿಯ ಆಚೆ ದಂಡೆಗೆ ಕಳಿಸಿದರು. ಅಲ್ಲಿ ಬರೀ ಹಾಸುಬಂಡೆ. ಮಣ್ಣಿಲ್ಲ, ಹಾಗಾಗಿ ಗೋಡೆಯಿಲ್ಲ, ತಂಪುಸಾಲೆಯಿಲ್ಲ. ಯುಗಾದಿಗೆ ಇನ್ನು ಹತ್ತು ದಿನ. ವೈಶಾಖದ ಬಿಸಿಲಲ್ಲಿ ತಂಪು ಇಲ್ಲದ ಕಡೆ ಹಸುಗೂಸುಗಳೂ ಮುದುಕರೂ ಉಳಿಯುವುದಿಲ್ಲ ಎಂಬುದು ನಮ್ಮ ಕಾಲದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ದೊಡ್ಡಿಯ ಪಕ್ಕದ ಅವರ ತಂಪುಸಾಲೆ ಖಾಲಿ ಬಿದ್ದಿದೆ. ಯಾರೂ ಅವರನ್ನು ಕರೆಸುವ ಮಾತಾಡುವುದಿಲ್ಲ, ಏಕೆಂದರೆ ಜ್ವರ ತಂದವರು ಅವರೇ ಎಂದು ಊರು ನಂಬಿದೆ. ಅದು ಹರಡಿದ್ದು ಅವರಿಂದಲ್ಲ, ನನ್ನ ಕೆಲಸದಿಂದ ಎಂದು ತೋರಿಸುವ ಲೆಕ್ಕ ಇರುವುದು ನನ್ನೊಬ್ಬಳ ಹತ್ತಿರ.

ಔಷಧ ಬಂದಾಗ ಈರಿ ಉಳಿದಳು. ಅವಳ ಪಕ್ಕದಲ್ಲೇ ಮಲಗುತ್ತಿದ್ದ ಹಂಪಮ್ಮನಿಗೆ ಆಗಷ್ಟೇ ಜ್ವರ ಹತ್ತಿತ್ತು. ಔಷಧ ಕೊಟ್ಟರೂ ವಯಸ್ಸಾದ ದೇಹ, ತಡೆಯಲಿಲ್ಲ. ಮಾಘದಲ್ಲಿ ಒಂದು ದಿನ ನೋಡಲು ಹೋದೆ. ತಂಪುಕೋಣೆಯಲ್ಲಿ ಮಲಗಿದ್ದಳು. ನಾನು ಹತ್ತಿರ ಕೂತ ಸದ್ದಿಗೆ ಕಣ್ಣು ತೆರೆದಳು. "ನಾ ಮೊದಲೇ ಹೇಳಿದ್ನಿ ಅಂತ ಅನ್ನಂಗಿಲ್ಲ. ಹೆದರಬ್ಯಾಡ್ರಿ ಅಕ್ಕೋರೆ" ಎಂದಳು. ಆಮೇಲೆ, "ಎಮ್ಮಿ ಹೆಂಗ ಅದಾವ? ಕರೀದು ಗಬ್ಬ ಇತ್ತು" ಎಂದು ಕೇಳಿದಳು. ಚೆನ್ನಾಗಿವೆ ಎಂದೆ. ಅವಳಿಗೆ ಎಲ್ಲ ತಿಳಿದಿತ್ತು, ಹಾಳೆಯಿಲ್ಲದೆ, ಭೂತಗನ್ನಡಿಯಿಲ್ಲದೆ. ತಿಳಿದೂ ನನ್ನನ್ನು ಊರಿನ ಮುಂದೆ ಹಿಡಿದುಕೊಡಲಿಲ್ಲ. ಅದು ದಯೆಯೋ, ನಾನಾಗಿ ಹೇಳಲಿ ಎಂದು ಕೊಟ್ಟ ಅವಧಿಯೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ನಾಲ್ಕನೇ ದಿನ ಅವಳು ಹೋದಳು. ಊರಿನಲ್ಲಿ ಮೂರನೇ ಸಾವು.

ಈಗ ನಿಮಗೆ ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ ಎಂದು ನನ್ನನ್ನೇ ಕೇಳಿಕೊಂಡರೆ, ಸಿಗುವ ಉತ್ತರ ಹೆಮ್ಮೆಯದಲ್ಲ. ನೀವು ಇನ್ನೂ ಹುಟ್ಟಿಲ್ಲ. ನಿಮ್ಮ ಮುಖ ನಾನು ನೋಡಬೇಕಾಗಿಲ್ಲ. ಅರವತ್ತು ವರ್ಷದ ಮೇಲೆ ಬಯಲಾಗುವ ತಪ್ಪನ್ನು ಒಪ್ಪಿಕೊಳ್ಳುವುದು ಎಷ್ಟು ಸುಲಭ ಎಂದು ಬರೆಯುತ್ತಾ ಹೋದಂತೆ ಗೊತ್ತಾಗುತ್ತಿದೆ. ಆದರೆ ಹೊರಗೆ ಈರಿ ಸುಣ್ಣ ಕಲಸುತ್ತಿರುವ ಸದ್ದು ಕೇಳಿಸುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ಈ ಹಾಳೆಗಳನ್ನು ಅವಳೆದುರು, ಅವಳ ಅಪ್ಪ ಭೀಮರಾಯನೆದುರು, ಕೈಜೋಡಿಸಲು ಬಂದಿರುವ ಸಾಬಣ್ಣನೆದುರು ಗಟ್ಟಿಯಾಗಿ ಓದಬೇಕು. ನಾನು ಬಡಗಣ ಮೂಲೆಯ ವಾಲಿಕೆಯನ್ನು ಬರೆದು ಮುಗಿಸಬಹುದಿತ್ತು. ಅಂಥದ್ದೊಂದು ಕಾಗದವನ್ನೂ ಬರೆದಿದ್ದೇನೆ, ಅದು ನನ್ನ ಎಡ ಜೇಬಿನಲ್ಲಿದೆ. ಯಾವುದನ್ನು ತೆಗೆಯುತ್ತೇನೆ ಎಂಬುದು ನೀವು ಇದನ್ನು ಓದುತ್ತಿರುವುದರಿಂದ ನಿಮಗೆ ಆಗಲೇ ಗೊತ್ತು. ನನಗೆ ಈ ಕ್ಷಣಕ್ಕೆ ಗೊತ್ತಿಲ್ಲ.

ಮಣ್ಣು: ಕೆರೆಯ ಕೆಳಗಿನ ಹೊಲದ್ದು, ಜೋಳದ ಹೊಟ್ಟು ಬೆರೆಸಿ ಹದಿನೈದು ದಿನ ತುಳಿದದ್ದು. ಸುಣ್ಣ: ಇಪ್ಪತ್ತು ದಿನ ನೆನೆದದ್ದು. ಪಡಸಾಲೆಯ ಹಳೆಯ ಮಣ್ಣನ್ನು ಮೊಳದಾಳ ತೆಗೆದು ಬಿಸಿಲಿಗೆ ಹರಡಿದ್ದೇವೆ. ಒಳಗಿನ ಗೋಡೆಗೆ ನೆಲದಿಂದ ಆಳೆತ್ತರದವರೆಗೆ ಸುಣ್ಣದ ಗಿಲಾವು.

ಈ ಗೋಡೆಯ ತಪ್ಪು: ಹಳೆಯ ಗೋಡೆಯ ಬಿರುಕುಗಳನ್ನು ಮುಚ್ಚದೆ ಎಮ್ಮೆಗಳನ್ನು ಹೊರಗೆ ಹಾಕಿಸಿದೆ. ಮನುಷ್ಯರು ಮಲಗುವ ಕಡೆ ಎಣಿಸದೆ, ಮೂಕಿ ಇಳಿದಿದೆ ಎಂದು ಬರೆದೆ. ಎಣಿಸಿದ ಮೇಲೆ ಮುಚ್ಚಿಟ್ಟೆ. ಜ್ವರ ಹರಡಿದ್ದು ಉಪ್ಪಿನವರಿಂದಲ್ಲ ಎಂದು ಗೊತ್ತಿದ್ದೂ ಸಭೆಯಲ್ಲಿ ಸುಮ್ಮನಿದ್ದೆ. ಮಾಡಿದವಳು ವಿನೋದಿನಿ ಪತ್ತಾರ.

ಓದಿದ ಮೇಲೆ ಸೇರಿಸಿದ್ದು:

ಓದಿದೆ. ಇಪ್ಪತ್ತು ಜನರಿದ್ದರು. 'ಎರಡು ಮೆಟ್ಟಿಲು ಹತ್ತಿತ್ತು' ಎಂಬಲ್ಲಿ ಸಾಬಣ್ಣ ಕೈಯಲ್ಲಿದ್ದ ಮಣ್ಣಿನ ಮುದ್ದೆಯನ್ನು ನೆಲಕ್ಕೆ ಬಡಿದ. "ಹನ್ನೊಂದು ವರ್ಸ ನಿಮ್ಮ ಮಾತು ಕೇಳಿ ಗ್ವಾಡಿ ಕೆಡವೀವಿ, ಕಟ್ಟೀವಿ. ಒಂದು ಮಾತು ನಮಗ ಹೇಳಾಕ ನಿಮಗ ಬಾಯಿ ಇರಲಿಲ್ಲೇನ್ರಿ?" ಎಂದ. ಅವನು ಪೂರ್ತಿ ಕೇಳಲು ನಿಲ್ಲದೆ ಹೊರಟುಹೋದ. ಭೀಮರಾಯ ಕೊನೆಯವರೆಗೆ ಗೋಡೆಗೆ ಒರಗಿ ನಿಂತಿದ್ದ. ಆಮೇಲೆ ಕೈ ತೊಳೆದುಕೊಂಡು, ಗಾಡಿ ಹೂಡಿ, ನದಿಯ ಕಡೆ ಹೊಡೆದುಕೊಂಡು ಹೋದ. ನದಿ ಈಗ ಮೊಣಕಾಲುದ್ದ ಇದೆ, ಗಾಡಿ ದಾಟುತ್ತದೆ. ಜಲಜಳ ಪಾತ್ರೆಯನ್ನು ಅವನ ಕೈಯಲ್ಲಿ ಕೊಟ್ಟು ಕಳಿಸಬೇಕೆಂದು ನೆನಪಾಗುವಷ್ಟರಲ್ಲಿ ಅವನು ಕಾಲುವೆ ದಾಟಿದ್ದ. ಕತ್ತಲಾಗುವ ಮೊದಲು ನಾನೇ ಅದನ್ನು ತೆಗೆದುಕೊಂಡು ಹೋಗಬೇಕು.

ಈರಿ ಅಳಲೂ ಇಲ್ಲ, ಬೈಯಲೂ ಇಲ್ಲ. "ಆ ಲೆಕ್ಕ ಇನ್ನೊಮ್ಮಿ ಓದ್ರಿ" ಎಂದಳು. ಓದಿದೆ. ಏಳು, ಐವತ್ತನಾಲ್ಕು. ತುಟಿಯಲ್ಲೇ ಎರಡು ಸಲ ಹೇಳಿಕೊಂಡಳು. ಈಗ ಕರಣಿ ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದಾಳೆ. ಮುಂಗೈ ಇನ್ನೂ ಕಡ್ಡಿಯಂತಿದೆ. "ಕೊಡ್ರಿ ಇಲ್ಲೆ, ಸುಣ್ಣ ಒಣಗ್ಲತ್ತದ. ಮೂಕಿ ಹೊಗದಂಗ ನಾನೇ ತುರುಕ್ತೀನಿ" ಎನ್ನುತ್ತಿದ್ದಾಳೆ. ಇನ್ನು ಎರಡು ಸಾಲು ಎಂದಿದ್ದೇನೆ.

ಭೀಮರಾಯನ ಗಾಡಿಯಲ್ಲಿ ಉಪ್ಪಿನವರು ಬರುತ್ತಾರೋ ಇಲ್ಲವೋ ನನಗೆ ತಿಳಿಯದು. ಬರಬೇಕಾಗಿಲ್ಲ ಎಂದು ಅವರಿಗೆ ಅನಿಸಿದರೆ ಅದನ್ನು ತಪ್ಪೆನ್ನಲಾರೆ. ಈ ಗೋಡೆ ಒಡೆಯುತ್ತಿರುವ ನಿಮ್ಮಲ್ಲಿ ಮೊಗವೀರ ಎಂಬ ಹೆಸರಿನವರು ಯಾರಾದರೂ ಇದ್ದರೆ, ದಯವಿಟ್ಟು ಕಾಗದವನ್ನು ಅವರ ಕೈಗೆ ಕೊಡಿ. ಗಟ್ಟಿಯಾಗಿ ಓದುವುದೋ, ಬಿಡುವುದೋ, ಅವರು ಹೇಳಿದಂತೆ ಆಗಲಿ.